"ಕ್ಯಾತ್ಸಂದ್ರ ಮನೆ" ಗುಂಪಿನಲ್ಲಿ ಪ್ಯಾರಿಸ್ ವೀಸಾ ಜಗಳ

ಮಂಜು ಮಾವ: *ಪೋಷಕರೇ ಎಚ್ಚರ!!* ಜರ್ಮನಿಯಲ್ಲಿ ಓದುವ ನಮ್ಮ ಮಕ್ಕಳು ಪ್ಯಾರಿಸ್‌ಗೆ ಹೋದರೆ ಬೇರೆ ವೀಸಾ ಬೇಕು. ಇಲ್ಲದಿದ್ದರೆ ರೈಲಿನಿಂದ ಇಳಿಸಿ ಸೀದಾ ಭಾರತಕ್ಕೆ. ಎಲ್ಲರಿಗೂ ತಲುಪಿಸಿ 🙏

ಮಂಜು ಮಾವ: ಸುಮಾ, ಅಕ್ಷತಾ ಕ್ಲಾಸ್‌ನೋರು ಹೋಗ್ತಿರೋದು ಮುಂದಿನ ವಾರ ಅಲ್ವಾ?

ಸುಮಾ ಚಿಕ್ಕಮ್ಮ: ಅಯ್ಯೋ, ದುಡ್ಡು ಕಟ್ಟಾಗಿದೆ ಅಣ್ಣ 😟

ಕಿರಣ: ಮಾವ, ಇದು ಎಲ್ಲಿಂದ ಬಂತು? ಯಾರು ಬರೆದಿದ್ದು?

ಮಂಜು ಮಾವ: ಅಮಾನಿಕೆರೆ ವಾಕಿಂಗ್ ಗುಂಪು. ಎಲ್ಲಾ ರಿಟೈರ್ಡ್ ಆಫೀಸರ್‌ಗಳು.

ಕಿರಣ: 2016ರಲ್ಲಿ 2000ದ ನೋಟೊಳಗೆ ಚಿಪ್ ಇದೆ ಅಂದಿದ್ದೂ ಅವರೇನಾ?

ಮಂಜು ಮಾವ: ಅದನ್ನ ಮೊದಲು ಹಾಕಿದ್ದು ನಿಮ್ಮಪ್ಪ. ನಾನು ಮುಂದಕ್ಕೆ ಕಳಿಸಿದ್ದು ಅಷ್ಟೇ.

ದೊಡ್ಡಪ್ಪ: ಕಿರಣ, ಹಿರಿಯರ ಹತ್ರ ಮಾತಾಡೋ ರೀತಿ ಇದಲ್ಲ. ಇಷ್ಟಕ್ಕೂ ಹುಡುಗೀನ ಕಳಿಸಿದ್ದು ಓದೋಕೆ, ಊರು ಸುತ್ತೋಕಲ್ಲ.

ಸುಮಾ ಚಿಕ್ಕಮ್ಮ: ಆರ್ಕಿಟೆಕ್ಚರ್ ಭಾವ, ಕಟ್ಟಡ ನೋಡೋದೇ ಪಾಠ.

ಗಿರಿಜಕ್ಕ: ನಮ್ಮ ಸ್ಕೂಲ್ ಟ್ರಿಪ್ಪು ದೇವರಾಯನದುರ್ಗಕ್ಕೆ 😍 ನಾಮದ ಚಿಲುಮೇಲಿ ಕೋತಿ ಪುಳಿಯೋಗರೆ ಡಬ್ಬಿನೇ ಎತ್ಕೊಂಡು ಹೋಯ್ತು 😂

ಮಂಜು ಮಾವ: ಆ ಡಬ್ಬಿ ನಮ್ಮಮ್ಮಂದು, ಹೆಸರು ಕೆತ್ತಿಸಿದ್ದು. ನಿಮ್ಮಮ್ಮ ಇವತ್ತಿಗೂ ವಾಪಸ್ ಕೊಟ್ಟಿಲ್ಲ.

ಗಿರಿಜಕ್ಕ: ಕೋತಿ ಒಯ್ದಿದ್ದನ್ನ ಅಮ್ಮ ಎಲ್ಲಿಂದ ಕೊಡ್ತಾಳೆ ಮಾವ?

ಕಿರಣ: ವಿಷಯಕ್ಕೆ ಬನ್ನಿ. ಜರ್ಮನಿ, ಫ್ರಾನ್ಸ್ ಎರಡೂ ಷೆಂಗೆನ್, ಅಂದ್ರೆ ಒಂದೇ ವೀಸಾ ವ್ಯವಸ್ಥೆ ಇರೋ ಯೂರೋಪ್ ದೇಶಗಳ ಗುಂಪು. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಚಾಲ್ತೀಲಿದ್ರೆ ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನದೊಳಗೆ 90 ದಿನ ಇರಬಹುದು. ಜರ್ಮನೀಲಿ ಇದ್ದ ದಿನ ಆ ಲೆಕ್ಕಕ್ಕೆ ಬರಲ್ಲ. ಲಂಡನ್‌ಗೆ ಆಗಿದ್ರೆ ಬೇರೆ ವೀಸಾ ಬೇಕಿತ್ತು.

ಮಂಜು ಮಾವ: ನೋಡು, ಬೇಕು ಅಂತ ನೀನೇ ಒಪ್ಕೊಂಡೆ.

ಕಿರಣ: ಲಂಡನ್‌ಗೆ ಮಾವ!!!

ಅಕ್ಷತಾ: ಈಗ ಕ್ಲಾಸ್ ಬಿಡ್ತು. ಕಿರಣಣ್ಣ ಹೇಳಿದ್ದು ಸರಿ. ಆದ್ರೆ ರೈಲಲ್ಲಿ ತಪಾಸಣೆ ಇಲ್ಲ ಅಂತಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲಾ ಭೂಗಡಿಗಳಲ್ಲೂ ಅದನ್ನ ಶುರು ಮಾಡ್ತು. ವಾಪಸ್ ಬರುವಾಗ ಜರ್ಮನಿಯ ಗಡಿ ಊರು ಆಖೆನ್ ಹತ್ರ ಪೊಲೀಸರು ಹತ್ತಬಹುದು. ಪಾಸ್‌ಪೋರ್ಟು, ಕಾರ್ಡು ಎರಡೂ ಅಸಲಿನೇ ಬೇಕು, ಫೋನಲ್ಲಿ ಫೋಟೋ ತೋರಿಸಿದ್ರೆ ಆಗಲ್ಲ. ಕಾರ್ಡ್ ಮುಗಿದು ನವೀಕರಣದ ಚೀಟಿ ಮಾತ್ರ ಇರೋರು ವಿದೇಶಿಯರ ಕಚೇರೀಲಿ ಕೇಳ್ಕೊಂಡೇ ಹೊರಡಬೇಕು. ನಂದು ಚಾಲ್ತೀಲಿದೆ ಅಮ್ಮ.

ಮಂಜು ಮಾವ: ಅಂದ್ರೆ ಅರ್ಧ ನಿಜ.

ಸುಮಾ ಚಿಕ್ಕಮ್ಮ: ಜೇಬುಗಳ್ಳರು ಜಾಸ್ತಿ ಅಂತಾರಲ್ಲೇ ಅಲ್ಲಿ?

ಅಕ್ಷತಾ: ಹೌದು. ಮೆಟ್ರೋ ಬಾಗಿಲು ಮುಚ್ಚೋ ಹೊತ್ತಿಗೆ ಫೋನ್ ಕಿತ್ಕೊಂಡು ಇಳಿದುಬಿಡ್ತಾರೆ, ಅದಕ್ಕೇ ಬಾಗಿಲ ಪಕ್ಕ ನಿಂತು ಫೋನ್ ನೋಡಬಾರದು. ಸಹಿ ಹಾಕಿ ಅಂತ ರಟ್ಟು ಹಿಡಿದು ಬರೋರ ಹತ್ರ ನಿಲ್ಲಲೇಬಾರದು, ಒಬ್ಬರು ಸಹಿ ಕೇಳ್ತಿರ್ತಾರೆ, ಇನ್ನೊಬ್ಬರ ಕೈ ಬ್ಯಾಗಲ್ಲಿ. ಪಾಸ್‌ಪೋರ್ಟ್ ಅಂಗಿ ಒಳಗಿನ ಚೀಲದಲ್ಲಿ. ಮೆಟ್ರೋಗೆ ನಾವಿಗೋ ಈಜಿ ಕಾರ್ಡು, 2 ಯೂರೋ, ಟಿಕೆಟ್ ದುಡ್ಡು ಬೇರೆ. ಒಂದೇ ಕಾರ್ಡಲ್ಲಿ ಇಬ್ಬರು ಹೋಗೋ ಹಾಗಿಲ್ಲ. ಹೊರಗೆ ಬರೋವರೆಗೂ ಕೈಲಿರಬೇಕು, ಇಲ್ಲದಿದ್ರೆ ದಂಡ.

ದೊಡ್ಡಪ್ಪ: ನಮ್ಮ ಮನೆತನದಲ್ಲಿ ದಂಡ ಕಟ್ಟಿದೋರು ಯಾರೂ ಇಲ್ಲ.

ಗಿರಿಜಕ್ಕ: ಅಪ್ಪ, ಪ್ಲಾಟ್‌ಫಾರಂ ಟಿಕೆಟ್ಟು 🤭

ದೊಡ್ಡಪ್ಪ: ಅದು ಬೇರೆ ವಿಷಯ.

ಅಕ್ಷತಾ: 26 ತುಂಬದೆ ಇರೋ, ಯೂರೋಪಲ್ಲೇ ವಾಸ ಇರೋ ವಿದ್ಯಾರ್ಥಿಗಳಿಗೆ ಲೂವ್ರ್ ಮ್ಯೂಸಿಯಂ ಬಿಟ್ಟಿ. ಬಾಗಿಲಲ್ಲಿ ಅದೇ ರೆಸಿಡೆನ್ಸ್ ಕಾರ್ಡ್ ತೋರಿಸಬೇಕು. ಬಿಟ್ಟಿ ಆದ್ರೂ ಸಮಯ ಮೊದಲೇ ಬುಕ್ ಮಾಡ್ಬೇಕು. ಮಂಗಳವಾರ ಮಧ್ಯಾಹ್ನ ನಮಗೆ ಬಿಡುವು, ರಾತ್ರಿ ಬುಕ್ ಮಾಡ್ತೀನಿ.

ಮಂಜು ಮಾವ: ಮಂಗಳವಾರ ಅದಕ್ಕೆ ರಜಾ ಅಂತ ತೋರಿಸ್ತಿದೆಯಲ್ಲಮ್ಮ?

ಕಿರಣ: ವಾಕಿಂಗ್ ಗುಂಪಾ ಮಾವ?

ಮಂಜು ಮಾವ: ಮ್ಯೂಸಿಯಂನೋರ ಪುಟದ್ದೇ ಸ್ಕ್ರೀನ್‌ಶಾಟ್ ಹಾಕಿದೀನಿ, ನೋಡಪ್ಪ.

ಅಕ್ಷತಾ: ಅಯ್ಯೋ ಹೌದು ಮಾವ 🙈 ಹಾಗಾದ್ರೆ ಓರ್ಸೇ ಮ್ಯೂಸಿಯಂ. ಅದಕ್ಕೆ ರಜಾ ಸೋಮವಾರ, ಅಲ್ಲೂ ನಮಗೆ ಬಿಟ್ಟಿ. 1900ರ ರೈಲ್ವೆ ಸ್ಟೇಷನ್ ಕಟ್ಟಡ ಬೇರೆ, ಪ್ರಾಜೆಕ್ಟಿಗೂ ಆಗುತ್ತೆ.

ಮಂಜು ಮಾವ: ಕಿರಣ, ಇದನ್ನ ನಿಮ್ಮಪ್ಪಂಗೂ ಕಳಿಸು.