ಈಕ್ವಿಟಿ, ಇನ್‌ಕ್ಲೂಷನ್‌ಗೆ ಕನ್ನಡದಲ್ಲಿ ಏನು? ನಾಳೆ ಬೋರ್ಡ್ ಪ್ರಿಂಟಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿರುವ ನಮ್ಮ ಕಾರ್ಖಾನೆಯ ಕ್ಯಾಂಟೀನ್ ಗೋಡೆಗೆ ಒಂದು ಬೋರ್ಡ್ ಆಗಬೇಕು. ಮೇಲಿನಿಂದ ಬಂದಿರುವುದು ಮೂರು ಪದ: ಈಕ್ವಿಟಿ, ಇನ್‌ಕ್ಲೂಷನ್, ಮೆಂಟಲ್ ಹೆಲ್ತ್. ಕೆಳಗೆ ಟೆಲಿ ಮಾನಸ್ ಸಹಾಯವಾಣಿ, 14416. ಅನುವಾದದವರು ‘ಸಮಾನತೆ, ಒಳಗೊಳ್ಳುವಿಕೆ, ಮಾನಸಿಕ ಆರೋಗ್ಯ’ ಅಂತ ಕಳಿಸಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ‘ಸಮಾನ ಅವಕಾಶ ನೀತಿ’ ಪಕ್ಕದಲ್ಲೇ ತೂಗುಹಾಕಿದೆ. ಈಕ್ವಾಲಿಟಿಗೂ ಸಮಾನ, ಈಕ್ವಿಟಿಗೂ ಸಮಾನ ಅಂದರೆ ಹೇಗೆ? ‘ಒಳಗೊಳ್ಳುವಿಕೆ’ಯನ್ನು ಲೈನಿನಲ್ಲಿ ಒಬ್ಬರಿಗೆ ತೋರಿಸಿದೆ. ‘ಒಳಗೆ ಏನು ಕೊಳ್ಳೋದು ಸಾರ್?’ ಅಂದರು. ನಾಳೆ ಹನ್ನೊಂದಕ್ಕೆ ಪ್ರಿಂಟು.

*

ಸಮತೆ. ಇದಕ್ಕೂ ಚರ್ಚೆ ಬೇಕಾ?

*

> ಸಮತೆ. ಇದಕ್ಕೂ ಚರ್ಚೆ ಬೇಕಾ?

ಬೇಕು. ಸಮತೆ, ಸಮಾನತೆ ಎರಡೂ ಒಂದೇ. ನಡುವಿನ ಅಕ್ಷರ ತೆಗೆದ ಮಾತ್ರಕ್ಕೆ ಅರ್ಥ ಬೇರೆ ಆಗಿಬಿಡುವುದಿಲ್ಲ.

ಈಕ್ವಿಟಿ ಅಂದರೆ ಎಲ್ಲರಿಗೂ ಒಂದೇ ಅಳತೆ ಅಲ್ಲ. ಜ್ವರ ಬಂದವನಿಗೆ ಗಂಜಿ, ಹೊಲ ಉತ್ತು ಬಂದವನಿಗೆ ಎರಡು ಮುದ್ದೆ. ಇದಕ್ಕೆ ನಮ್ಮಲ್ಲಿ ಹಳೆಯ ಪದವೇ ಇದೆ. ನಗಬೇಡಿ: ತಾರತಮ್ಯ. ಉಚ್ಚತರ, ಉಚ್ಚತಮದಲ್ಲಿ ಬರುತ್ತದಲ್ಲ, ಆ ತರ ಮತ್ತು ತಮ ಸೇರಿ ತರತಮ, ಅದರಿಂದ ತಾರತಮ್ಯ. ಹೆಚ್ಚು ಕಡಿಮೆಯ ಲೆಕ್ಕ, ಅಷ್ಟೇ. ‘ತಾರತಮ್ಯ ಜ್ಞಾನ ಇಲ್ಲದವನು’ ಅಂತ ನಮ್ಮಜ್ಜ ಬೈಯುತ್ತಿದ್ದದ್ದು ವ್ಯತ್ಯಾಸ ತಿಳಿಯದವನನ್ನು. ಮಾಧ್ವರಲ್ಲಿ ದೇವತಾ ತಾರತಮ್ಯ ಈಗಲೂ ಸಿದ್ಧಾಂತ, ಬೈಗುಳವಲ್ಲ. ನಾವೋ, ಅದನ್ನು ಡಿಸ್ಕ್ರಿಮಿನೇಷನ್‌ಗೆ ಬರೆದುಕೊಟ್ಟೆವು. ಹೋಗಲಿ, ಕ್ಯಾಂಟೀನಿನಲ್ಲಿ ಹಾಕಬೇಡಿ, ಮಾರನೇ ದಿನವೇ ಸ್ಟ್ರೈಕ್ ಆದೀತು. ‘ತಕ್ಕ ಪಾಲು’ ಹಾಕಿ.

ಇನ್‌ಕ್ಲೂಷನ್‌ಗೆ ಪದವೇ ಬೇಡ. ‘ಯಾರನ್ನೂ ಹೊರಗಿಡಬೇಡಿ’ ಅನ್ನಿ. ‘ವಿಕೆ’ ಹಚ್ಚಿದ ಪದ ಗೋಡೆಗಲ್ಲ, ಕಡತಕ್ಕೆ.

*

ಇನ್ನೂ ಎಷ್ಟು ದಿನ ಸಂಸ್ಕೃತದ ಬೇರು ಅಗೆಯುತ್ತೀರಿ? ತಾರತಮ್ಯ, ಮಾನಸಿಕ, ಆರೋಗ್ಯ, ಒಂದಾದರೂ ನಮ್ಮದಾ? ಬಗೆ ಅಂದರೆ ಮನಸ್ಸು, ಹಳಗನ್ನಡದಲ್ಲೇ ಇದೆ. ‘ಬಗೆನೆಮ್ಮದಿ’ ಅಂತ ಹಾಕಿ. ಈ ಎರವಲು ಪದಗಳನ್ನು ನೋಡಿ ನೋಡಿ ಬೇಜಾರಾಗಿದೆ ಸಾರ್.

*

ಬೇಜಾರು ಫಾರಸಿ. ಸಾರ್ ಇಂಗ್ಲಿಷು.

ಬಗೆನೆಮ್ಮದಿ ಅಂತ ಬರೆದರೆ ಯೋಗ ಕ್ಲಾಸ್ ಅಂದುಕೊಳ್ಳುತ್ತಾರೆ, 14416ಕ್ಕೆ ಯಾರೂ ಫೋನ್ ಮಾಡಲ್ಲ. ಎರವಲು ಅಂತ ಪದ ಕೆಡುವುದಿಲ್ಲ, ನಮ್ಮದು ಅಂತ ಉಳಿಯುವುದೂ ಇಲ್ಲ. ‘ಹುಚ್ಚಾಸ್ಪತ್ರೆ’ ಅನ್ನುತ್ತಿದ್ದ ಊರಿಗೆ 1974ರಲ್ಲಿ ನಿಮ್ಹಾನ್ಸ್ ಅನ್ನುವ ಹೆಸರು ಬಂತು. ಅಪ್ಪಟ ಇಂಗ್ಲಿಷ್ ಅಕ್ಷರಗಳು. ಈಗ ಜಗಳ ಬಂದರೆ ‘ನಿನ್ನನ್ನು ನಿಮ್ಹಾನ್ಸಿಗೆ ಸೇರಿಸ್ಬೇಕು’ ಅಂತೀವಿ.

*

ಎಲ್ಲರಿಗೂ ಥ್ಯಾಂಕ್ಸ್. ‘ತಕ್ಕ ಪಾಲು. ಯಾರನ್ನೂ ಹೊರಗಿಡಬೇಡಿ. ಮನಸ್ಸಿನ ಆರೋಗ್ಯ.’ ಹೀಗೆ ಪ್ರಿಂಟಾಗಿ ಬಂತು. ನಿದ್ದೆ ಮಾತ್ರೆ ತಗೊಳ್ಳುವ ಒಬ್ಬರಿಗೆ ಹೋದ ತಿಂಗಳು ನೈಟ್ ಶಿಫ್ಟ್ ಬಿಡಿಸಿದ್ದೆವು. ಬೋರ್ಡ್ ಮುಂದೆ ಅವರನ್ನೇ ನಿಲ್ಲಿಸಿ, ‘ತಕ್ಕ ಪಾಲು ಅಂದರೆ ಏನು ಗೊತ್ತಾಯ್ತಾ?’ ಅಂತ ಕೇಳಿದೆ.

‘ಬೋನಸ್ ಅಲ್ವಾ ಸಾರ್?’ ಅಂದರು.