ಹಳೇ ಜರ್ಮನ್ ಕಾರು ಇಟ್ಟುಕೊಂಡವರು ಸ್ವಲ್ಪ ಅನುಭವ ಹೇಳಿ (ದಾವಣಗೆರೆ)

ಪ್ರಶ್ನೆ: ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಓಡಿಸ್ತಿದ್ದ 2012ರ ಫೋಕ್ಸ್‌ವ್ಯಾಗನ್ ವೆಂಟೊ ಈಗ ನನ್ನ ಹತ್ರ ಇದೆ. 1.6 ಡೀಸೆಲ್, ಮ್ಯಾನುಯಲ್ ಗೇರ್, ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಹೈವೇಯಲ್ಲಿ ಈ ಗಾಡಿ ರಸ್ತೆ ಹಿಡಿದು ಹೋಗೋದು ನೋಡಿದರೆ ಮಾರೋ ಮನಸ್ಸೇ ಬರಲ್ಲ. ಆದರೆ ಮೂರು ತೊಂದರೆ ಇವೆ. ಓವರ್‌ಟೇಕ್ ಮಾಡುವಾಗ ಒಂದೊಂದು ಸಲ ಪಿಕಪ್ ಪೂರ್ತಿ ಹೋಗುತ್ತೆ, ಪಕ್ಕಕ್ಕೆ ಹಾಕಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಮೀಟರ್‌ನಲ್ಲಿ ಸುರುಳಿ ಆಕಾರದ ಹೀಟರ್ ದೀಪ ಆಗಾಗ ಮಿನುಗುತ್ತೆ. ಗಾಂಧಿ ಸರ್ಕಲ್ ಸಿಗ್ನಲ್‌ನಲ್ಲಿ ನಿಂತರೆ ಎಸಿ ತಣ್ಣಗೆ ಬರಲ್ಲ, ಗಾಡಿ ಓಡೋಕೆ ಶುರುವಾದರೆ ಬರುತ್ತೆ. ಒಂದು ಗ್ಯಾರೇಜ್‌ನಲ್ಲಿ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಭಾಗ) ಹೋಗಿದೆ, ಹೊಸದೇ ಹಾಕಬೇಕು ಅಂದರು. ಪಾರ್ಟ್ಸ್ ಎಲ್ಲಿ ತರಿಸ್ತೀರಾ? ರೀಮ್ಯಾಪ್ ಮಾಡಿಸಿ (ಪವರ್ ಹೆಚ್ಚೋ ಹಾಗೆ ಎಂಜಿನ್ ಸಾಫ್ಟ್‌ವೇರ್ ಬದಲಿಸಿ) ಎಲ್‌ಇಡಿ ಲೈಟ್ ಹಾಕಿಸೋ ಆಸೆಯೂ ಇದೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ: ಹದಡಿ ರೋಡ್, ದಾವಣಗೆರೆ (ಹಳೇ ಆಕ್ಟೇವಿಯಾ, ವೆಂಟೊ ಎರಡೂ ಡೀಸೆಲ್)

ಸರ್, ಮೊದಲು ಆ ಟರ್ಬೊಗೆ ಅಡ್ವಾನ್ಸ್ ಕೊಡಬೇಡಿ. ನಿಜವಾಗಲೂ ಹೋಗಿರೋ ಟರ್ಬೊ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗಲ್ಲ. ಶಬ್ದ ಮಾಡುತ್ತೆ, ಆಯಿಲ್ ಕುಡಿಯುತ್ತೆ, ಹಿಂದೆ ಹೊಗೆ ಬಿಡುತ್ತೆ. ನಿಮ್ಮ ಗಾಡಿ ಹೋಗ್ತಿರೋದು ಲಿಂಪ್ ಮೋಡ್‌ಗೆ. ಇಸಿಯು, ಅಂದರೆ ಎಂಜಿನ್ ನಡೆಸೋ ಕಂಪ್ಯೂಟರ್, ಟರ್ಬೊದಿಂದ ಇಷ್ಟು ಗಾಳಿ ಪ್ರೆಶರ್ ಬೇಕು ಅಂತ ಕೇಳುತ್ತೆ, ಸೆನ್ಸರ್ ಬೇರೆ ಲೆಕ್ಕ ಕೊಡುತ್ತೆ, ಎರಡೂ ತಾಳೆಯಾಗದಿದ್ದಾಗ ಎಂಜಿನ್ ಉಳಿಸೋಕೆ ಅದೇ ಪವರ್ ಇಳಿಸುತ್ತೆ. ಸ್ಕ್ಯಾನ್ ಮಾಡಿದಾಗ ಪಿ0299 ಅಂತ ದೋಷದ ಕೋಡ್ ಬಂದರೆ ಪ್ರೆಶರ್ ಕಮ್ಮಿ ಅಂತ. ಪಿ0234 ಬಂದರೆ ಜಾಸ್ತಿ ಅಂತ. ಎರಡಕ್ಕೂ ಹುಡುಕೋ ಜಾಗ ಬೇರೆ, ಆದ್ದರಿಂದ ಕೋಡ್ ನೋಡದೆ ಯಾರು ಏನೇ ಹೇಳಿದರೂ ಅದು ಊಹೆ ಅಷ್ಟೇ.

ಪ್ರೆಶರ್ ಕಮ್ಮಿ ಅಂತ ಬಂದರೆ ಇಂಟರ್‌ಕೂಲರ್‌ಗೆ (ಟರ್ಬೊ ಗಾಳಿ ತಣ್ಣಗೆ ಮಾಡೋದು) ಹೋಗಿ ಬರೋ ದಪ್ಪ ಹೋಸ್‌ಗಳನ್ನ ನೋಡಿ. ಕ್ಲಿಪ್ ಹತ್ರ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಕೂತು ಕಪ್ಪಾಗಿದ್ದರೆ ಗಾಳಿ ಅಲ್ಲೇ ಸೋರ್ತಿದೆ. ಆಮೇಲೆ ಬೆರಳಿಗಿಂತ ಸಣ್ಣ ವ್ಯಾಕ್ಯೂಮ್ (ಗಾಳಿ ಹೀರೋ ಸೆಳೆತ) ಪೈಪ್‌ಗಳು. ನಮ್ಮ ಊರಿನ ಏಪ್ರಿಲ್ ಮೇ ಬಿಸಿಲಿಗೆ ರಬ್ಬರ್ ಒಣಗಿ ತುದಿಯಲ್ಲಿ ಸೀಳು ಬಿಡುತ್ತೆ. ತುದಿ ಕತ್ತರಿಸಿ ಹಾಕೋಕೆ ಉದ್ದ ಸಾಲದಿದ್ದರೆ ಹೊಸ ಪೈಪ್ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಅದಾದ ಮೇಲೆ ಎನ್75 ಅನ್ನೋ ಸೊಲೆನಾಯ್ಡ್ ವಾಲ್ವ್. ಟರ್ಬೊಗೆ ಎಷ್ಟು ವ್ಯಾಕ್ಯೂಮ್ ಹೋಗಬೇಕು ಅಂತ ನಿಯಂತ್ರಿಸೋದು ಅದೇ.

ಪ್ರೆಶರ್ ಜಾಸ್ತಿ ಅಂತ ಬಂದರೆ ಟರ್ಬೊ ಒಳಗಿನ ರೆಕ್ಕೆಗಳು ಮಸಿಗೆ ಅಂಟಿಕೊಂಡಿರೋ ಸಾಧ್ಯತೆ ಹೆಚ್ಚು. ಇದನ್ನ ನೀವೇ ನೋಡಬಹುದು. ಬಾನೆಟ್ ಎತ್ತಿ ಟರ್ಬೊ ಪಕ್ಕ ಡಬ್ಬಿ ಥರದ ಆಕ್ಚುಯೇಟರ್, ಅದರಿಂದ ಹೊರಗೆ ಬಂದಿರೋ ಸಣ್ಣ ಕಡ್ಡಿ ಹುಡುಕಿ. ಜಾಗ ಇಕ್ಕಟ್ಟು, ಟಾರ್ಚ್ ಬೇಕು. ಇನ್ನೊಬ್ಬರು ಸ್ಟಾರ್ಟ್ ಮಾಡಲಿ. ಆ ಕಡ್ಡಿ ತಡೆಯಿಲ್ಲದೆ ಒಳಕ್ಕೆ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ವಾಪಸ್ ಬರಬೇಕು. ಅರ್ಧದಲ್ಲಿ ತಡೆದು ಜಗ್ಗಿ ಜಗ್ಗಿ ಹೋದರೆ ಅಲ್ಲೇ ಮಸಿ ಕಟ್ಟಿದೆ. ಕೈ ವ್ಯಾಕ್ಯೂಮ್ ಪಂಪ್ ಇದ್ದರೆ ಎಂಜಿನ್ ಆಫ್ ಇಟ್ಟೇ ಪರೀಕ್ಷೆ ಮಾಡಬಹುದು. ಅಂಟಿದ ಟರ್ಬೊ ಬಿಚ್ಚಿ ಕ್ಲೀನ್ ಮಾಡಿಸಿದರೆ ಎಷ್ಟೋ ಸಲ ಅದೇ ಮತ್ತೆ ನಡೆಯುತ್ತೆ. ಪೇಟೆ ಒಳಗೇ ಮೂರನೇ ಗೇರ್ ದಾಟದೆ ಓಡಿಸೋ ಗಾಡಿಗಳಿಗೆ ಇದು ಬೇಗ ಬರುತ್ತೆ. ವಾರಕ್ಕೊಮ್ಮೆ ಆದರೂ ಹೆಬ್ಬಾಳು ಟೋಲ್ ಕಡೆ ಒಂದು ಸುತ್ತು ಹೋಗಿ ಬನ್ನಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ವಲ್ಪ ಎಳೆದು ಓಡಿಸಿ.

ಹೀಟರ್ ದೀಪದ ವಿಷಯ. ಚಳಿಯಲ್ಲಿ ಸ್ಟಾರ್ಟ್‌ಗೆ ಮುಂಚೆ ಅದು ಸುಮ್ನೆ ಉರಿದು ಆರಿದರೆ ಗ್ಲೋ ಪ್ಲಗ್ ಬಿಸಿಯಾಗ್ತಿದೆ ಅಂತ. ಓಡುವಾಗ ಮಿನುಗಿದರೆ ಎಂಜಿನ್ ಕಡೆ ಏನೋ ದೋಷ ದಾಖಲಾಗಿದೆ ಅಂತ. ಫೋಕ್ಸ್‌ವ್ಯಾಗನ್, ಸ್ಕೋಡಾ ಡೀಸೆಲ್‌ಗಳಲ್ಲಿ ಇದಕ್ಕೆ ತುಂಬಾ ಸಲ ಕಾರಣ ಆಗೋದು ಬ್ರೇಕ್ ಲೈಟ್ ಸ್ವಿಚ್. ಅದರೊಳಗೆ ಎರಡು ಕಾಂಟ್ಯಾಕ್ಟ್ ಇರುತ್ತೆ, ಒಂದು ಹೌದು ಅಂದು ಇನ್ನೊಂದು ಇಲ್ಲ ಅಂದರೆ ಇಸಿಯು ದೀಪ ಮಿನುಗಿಸುತ್ತೆ. ಯಾರನ್ನಾದರೂ ಹಿಂದೆ ನಿಲ್ಲಿಸಿ ಪೆಡಲ್ ಒತ್ತಿ ಒತ್ತಿ ಬಿಡಿ, ಬ್ರೇಕ್ ಲೈಟ್ ಪ್ರತಿ ಸಲ ಹತ್ತುತ್ತಾ, ಬಿಟ್ಟ ಕೂಡಲೇ ಆರುತ್ತಾ ನೋಡಿ. ಇದನ್ನ ಇವತ್ತೇ ಮಾಡಿ. ಪಿ.ಬಿ. ರೋಡ್‌ನಲ್ಲಿ ಹಿಂದೆ ಲಾರಿ ಬರ್ತಿರುವಾಗ ಬ್ರೇಕ್ ಲೈಟ್ ಹತ್ತದೇ ಇರೋದು ಟರ್ಬೊಗಿಂತ ದೊಡ್ಡ ಅಪಾಯ.

ಎಸಿಗೆ ಗ್ಯಾಸ್ ತುಂಬಿಸೋಕೆ ಹೋಗಬೇಡಿ. ಓಡುವಾಗ ತಣ್ಣಗೆ ಬರ್ತಿದೆ ಅಂದರೆ ಮೊದಲ ಅನುಮಾನ ರೇಡಿಯೇಟರ್ ಫ್ಯಾನ್ ಮೇಲೆ. ಎಸಿ ಹಾಕಿ ಬಾನೆಟ್ ಎತ್ತಿ ನೋಡಿ, ಫ್ಯಾನ್ ತಿರುಗಬೇಕು. ಕಮ್ಮಿ ಸ್ಪೀಡ್‌ಗೆ ಬೇಕಾದ ರೆಸಿಸ್ಟರ್ ಸುಟ್ಟು ಹೋದರೆ ಎಂಜಿನ್ ತುಂಬಾ ಕಾದಾಗ ಮಾತ್ರ ಫ್ಯಾನ್ ಒಮ್ಮೆಲೇ ಜೋರಾಗಿ ಶುರುವಾಗುತ್ತೆ.

ಇದೆಲ್ಲಕ್ಕೂ ಮುಂಚೆ ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು, ಸ್ಟಾರ್ಟ್ ಆದ ಮೇಲೆ 13.8ರಿಂದ 14.4 ಇರಬೇಕು. ವೋಲ್ಟ್ ಬಿದ್ದ ಜರ್ಮನ್ ಗಾಡಿ ಇಲ್ಲದ ದೋಷಗಳನ್ನೆಲ್ಲ ತೋರಿಸುತ್ತೆ. ಸ್ಕ್ಯಾನ್ ಮಾಡಿಸೋದಾದರೆ ವಿಸಿಡಿಎಸ್ (ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಿಗೇ ಮಾಡಿದ ಸ್ಕ್ಯಾನ್ ಸಾಫ್ಟ್‌ವೇರ್) ಇಟ್ಟವರ ಹತ್ರ ಹೋಗಿ. ಮೊಬೈಲ್‌ಗೆ ಕನೆಕ್ಟ್ ಮಾಡೋ ಅಗ್ಗದ ಬ್ಲೂಟೂತ್ ಡಬ್ಬಿಗಳು ಎಂಜಿನ್‌ನ ಸಾಮಾನ್ಯ ಕೋಡ್ ಓದುತ್ತವೆ ಅಷ್ಟೇ, ಎಬಿಎಸ್, ಏರ್‌ಬ್ಯಾಗ್, ಬಾಗಿಲಿನ ಮಾಡ್ಯೂಲ್ ಮುಟ್ಟೋದಿಲ್ಲ. ಕೋಡ್ ಅಳಿಸೋಕೆ ಮುಂಚೆ ಫೋಟೊ ತೆಗೆದುಕೊಳ್ಳಿ.

ಉತ್ತರ: ಚಿತ್ರದುರ್ಗ (ಮರ್ಸಿಡಿಸ್ ಡಬ್ಲ್ಯು124 ಡೀಸೆಲ್)

ತಮ್ಮಾ, ಮೇಲಿನವರು ಹೇಳಿದ್ದು ಸರಿ. ನನ್ನದು ಇನ್ನೂ ಹಳೇ ಕಾಲದ್ದು, ಪುಣೆಯಲ್ಲಿ ಟೆಲ್ಕೊ ಜೊತೆ ಸೇರಿ 1995ರಿಂದ ಜೋಡಿಸ್ತಿದ್ದ ಗಾಡಿ. ಇದರಲ್ಲಿ ಎಲ್ಲ ಆಟ ವ್ಯಾಕ್ಯೂಮ್‌ದೇ. ಕೀ ತೆಗೆದರೂ ಎಂಜಿನ್ ನಿಲ್ಲದೆ ಓಡ್ತಾ ಇತ್ತು ಅಂತ ಒಮ್ಮೆ ಡೀಸೆಲ್ ಪಂಪ್ ಬಿಚ್ಚೋಕೆ ಹೊರಟಿದ್ದರು. ಈ ಡೀಸೆಲ್‌ಗಳನ್ನ ನಿಲ್ಲಿಸೋದೇ ವ್ಯಾಕ್ಯೂಮ್. ನನ್ನ ಗಾಡಿಯಲ್ಲಿ ಸೋರ್ತಿದ್ದದ್ದು ಒಂದು ಸಣ್ಣ ವ್ಯಾಕ್ಯೂಮ್ ಪೈಪ್. ಪಂಪ್‌ಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಂಥ ಹೊತ್ತಿಗೆ ಬಾನೆಟ್ ಕೆಳಗೆ ಸ್ಟಾಪ್ ಅಂತ ಬರೆದಿರೋ ಲಿವರ್ ಇರುತ್ತೆ, ಅದನ್ನ ಒತ್ತಿದರೆ ಎಂಜಿನ್ ನಿಲ್ಲುತ್ತೆ.

ಅದೇ ಕಾಲದ ಪೆಟ್ರೋಲ್ ಮರ್ಸಿಡಿಸ್ ತಗೊಳ್ಳೋರಿದ್ದರೆ ಎಂಜಿನ್ ವೈರಿಂಗ್ ನೋಡಿ ತಗೊಳ್ಳಿ. 90ರ ದಶಕದ ಮೊದಲರ್ಧದ ಗಾಡಿಗಳಲ್ಲಿ ವೈರ್ ಮೇಲಿನ ಹೊದಿಕೆ ಬಿಸಿಗೆ ಬಿರುಕು ಬಿಟ್ಟು ಪುಡಿಯಾಗಿ ಉದುರುತ್ತೆ. ಇನ್ನೊಂದು, ಬಿಸಿಯಾದಾಗ ದಿಢೀರ್ ನಿಂತು ತಣ್ಣಗಾದ ಮೇಲೆ ಏನೂ ಆಗದವರ ಥರ ಸ್ಟಾರ್ಟ್ ಆಗೋ ಗಾಡಿಗೆ ಮೊದಲು ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗೋದನ್ನ ಅಳೆಯೋದು) ನೋಡಿಸಬೇಕು. ಇದು ಮರ್ಸಿಡಿಸ್, ಬಿಎಂಡಬ್ಲ್ಯು, ಸ್ಕೋಡಾ ಎಲ್ಲಕ್ಕೂ ಹೊಂದುತ್ತೆ. ಈಗ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಬರ್ತಿರೋದರಿಂದ ಹಳೇ ಪೆಟ್ರೋಲ್ ಗಾಡಿಯವರು ಇಂಧನದ ರಬ್ಬರ್ ಹೋಸ್‌ಗಳನ್ನೂ ನೋಡಿಕೊಳ್ಳಿ.

ನಮ್ಮ ದುರ್ಗದ ಬಿಸಿಲಲ್ಲಿ ಗಾಡಿ ಉಳಿಯೋದು ಕೂಲಂಟ್ ಮೇಲೆ. ಪಿಂಕ್ ಇರೋ ಗಾಡಿಗೆ ಹಸಿರು ಸುರಿದು ಮೇಲೆ ಬೋರ್‌ವೆಲ್ ನೀರು ಹಾಕಿದರೆ ಒಳಗೆ ಕೆಸರು ಕಟ್ಟುತ್ತೆ. ಬಣ್ಣ ನೋಡಿ ಕೊಳ್ಳಬೇಡ, ಬುಕ್‌ನಲ್ಲಿ ಬರೆದಿರೋ ದರ್ಜೆ ನೋಡು. ನಿನ್ನ ಗಾಡಿಗೆ ಜಿ12 ಸಾಲಿನದ್ದು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಬೇಡ. ಪ್ಲಾಸ್ಟಿಕ್ ಟ್ಯಾಂಕ್ ಹಳದಿಗೆ ತಿರುಗಿ ಜೋಡಣೆ ಹತ್ರ ಬಿಳಿ ಗೀರು ಕಾಣಿಸಿದರೆ ಒಡೆಯೋ ತನಕ ಕಾಯಬೇಡ.

ಉತ್ತರ: ಹರಿಹರ (ಲೇಥ್ ಕೆಲಸ)

ನಾನು ಟರ್ನರ್, ಕಾರು ಮೆಕ್ಯಾನಿಕ್ ಅಲ್ಲ. ಮೈಸೂರು ಕಿರ್ಲೋಸ್ಕರ್ ಲೇಥ್ ತಯಾರಾಗ್ತಿದ್ದ ಊರು ನಮ್ಮದು, ಒಳ್ಳೇ ಕೈಗಳು ಇನ್ನೂ ಇವೆ. ಮುರಿದ ಬೋಲ್ಟ್ ತೆಗೆಯೋದು, ಅಲ್ಯೂಮಿನಿಯಂನಲ್ಲಿ ಹೋದ ಥ್ರೆಡ್‌ಗೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡೋ ತಂತಿ ಸುರುಳಿ) ಹಾಕೋದು, ಬುಷ್ ಪ್ರೆಸ್ ಮಾಡೋದು, ಸ್ಪೇಸರ್, ಪುಲ್ಲರ್ ಮಾಡಿಕೊಡೋದು ಇದೆಲ್ಲ ಆಗುತ್ತೆ. ಬ್ರೇಕ್, ಸ್ಟೀರಿಂಗ್‌ನ ಭಾಗ ಮಾತ್ರ ಲೇಥ್‌ನಲ್ಲಿ ಮಾಡಿಸಬೇಡಿ, ಯಾರು ಒಪ್ಪಿದರೂ ಬೇಡ.

ನಮ್ಮ ಹತ್ರ ಬರೋ ಮುರಿದ ಬೋಲ್ಟ್‌ಗಳಲ್ಲಿ ಅರ್ಧಕ್ಕರ್ಧ ತಪ್ಪು ಕೀ ಹಾಕಿ ಕೆಡಿಸಿದ್ದು. ಈ ಗಾಡಿಗಳಲ್ಲಿ ತಲೆಯೊಳಗೆ 12 ಮೂಲೆ ಇರೋ ಬೋಲ್ಟ್ ಇರುತ್ತೆ, ಟ್ರಿಪಲ್ ಸ್ಕ್ವೇರ್ ಅಂತಾರೆ. ಅದಕ್ಕೆ ಅಲನ್ ಕೀ ಅಥವಾ ಟಾರ್ಕ್ಸ್ (ನಕ್ಷತ್ರ ಆಕಾರದ ಕೀ) ಬಡಿದರೆ ಎರಡು ಸಲ ತಿರುಗಿಸೋದರೊಳಗೆ ತಲೆ ಸವೆದು ಹೋಗುತ್ತೆ. ಬಿಟ್ ಹಾಕೋಕೆ ಮುಂಚೆ ತಲೆಯೊಳಗಿನ ಕೊಳೆ ಸೂಜಿಯಿಂದ ಕೆರೆದು ತೆಗೀರಿ, ಬಿಟ್ ತಳ ಮುಟ್ಟಬೇಕು. ಟಾರ್ಕ್ (ಬಿಗಿಸೋ ಬಲ) ಜೊತೆಗೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಬರೆದಿರೋ ಬೋಲ್ಟ್‌ಗಳು ಹೆಚ್ಚಾಗಿ ಹಿಗ್ಗೋ ಜಾತಿಯವು, ಬಿಚ್ಚಿದ ಮೇಲೆ ಹೊಸದೇ ಹಾಕಬೇಕು.

ಉತ್ತರ: ಹದಡಿ ರೋಡ್, ದಾವಣಗೆರೆ

ಪಾರ್ಟ್ಸ್ ಬಗ್ಗೆ ಬರೆಯೋದು ಉಳಿದಿತ್ತು. ಅಂಗಡಿಗೆ ಫೋನ್ ಮಾಡಿ "ವೆಂಟೊ ಡೀಸೆಲ್‌ದು ಕೊಡಿ" ಅಂದರೆ ಯಾವುದೋ ಒಂದು ಬರುತ್ತೆ. ನಂಬರ್ ಹೇಳಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ಹತ್ರ, ಇಲ್ಲಾಂದ್ರೆ ಸರ್ವೀಸ್ ಬುಕ್‌ನಲ್ಲಿ ಒಂದು ಸ್ಟಿಕ್ಕರ್ ಇರುತ್ತೆ. ಅದರಲ್ಲಿ ಚಾಸಿ ನಂಬರ್, ಎಂಜಿನ್ ಕೋಡ್, ಗೇರ್‌ಬಾಕ್ಸ್ ಕೋಡ್, ಪೇಂಟ್ ಕೋಡ್, ಬ್ರೇಕ್ ಯಾವುದು ಅಂತ ಹೇಳೋ ಕೋಡ್ ಎಲ್ಲ ಇರುತ್ತೆ. ಫೋಟೊ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ.

ಪಾರ್ಟ್ ನಂಬರ್ ಓದೋದು ಕಲಿತರೆ ಅರ್ಧ ಕೆಲಸ ಆದಂಗೆ. ಉದಾಹರಣೆಗೆ ನಿಮ್ಮ ಎಂಜಿನ್‌ನ ಆಯಿಲ್ ಫಿಲ್ಟರ್ 03ಎಲ್ 115 562. ಮೊದಲ ಮೂರು ಯಾವ ಎಂಜಿನ್ ಅಥವಾ ಯಾವ ಮಾದರಿ ಅಂತ ಹೇಳುತ್ತೆ. ನಡುವಿನ ಮೂರರಲ್ಲಿ ಮೊದಲ ಅಂಕಿ ವಿಭಾಗ: 1 ಅಂದ್ರೆ ಎಂಜಿನ್, 3 ಗೇರ್‌ಬಾಕ್ಸ್, 4 ಮುಂದಿನ ಆಕ್ಸಲ್, 6 ಚಕ್ರ ಬ್ರೇಕ್, 8 ಬಾಡಿ, 9 ಕರೆಂಟ್ ಸಾಮಾನು. ಕೊನೆಗೆ ಅಕ್ಷರ ಸೇರಿದ್ದರೆ ಸಾಮಾನ್ಯವಾಗಿ ಅದು ತಿದ್ದಿದ ಆವೃತ್ತಿ. ಪೋಲೊ, ವೆಂಟೊ, ಸ್ಕೋಡಾ ರ‍್ಯಾಪಿಡ್ ಮೂರಕ್ಕೂ ಎಷ್ಟೋ ಭಾಗ ಒಂದೇ, ಹಾಗಾಗಿ ಸ್ಕೋಡಾ ಹೆಸರಲ್ಲಿ ಸ್ಟಾಕ್ ಇದೆಯಾ ಅಂತಲೂ ಕೇಳಿ. ಮರ್ಸಿಡಿಸ್ ಇಟ್ಟವರಿಗೆ ಎ ಅಕ್ಷರದ ಮುಂದೆ 10 ಅಂಕಿ. ಬಿಎಂಡಬ್ಲ್ಯುನಲ್ಲಿ 11 ಅಂಕಿ, ಕೊನೆಯ 7 ಹೇಳಿದರೂ ಗೊತ್ತಾಗುತ್ತೆ.

ನಂಬರ್ ಇದ್ದರೆ ಕಂಪನಿ ಪೆಟ್ಟಿಗೆಯೇ ಬೇಕು ಅಂತಿಲ್ಲ. ಕಾರಿಗೆ ಮೊದಲೇ ಹಾಕಿ ಕಳಿಸೋದು ಬಾಶ್, ಮಾಹ್ಲೆ, ಮಾನ್, ಸಾಕ್ಸ್, ಲುಕ್, ಲೆಮ್‌ಫೋರ್ಡರ್ ಇಂಥವರೇ. ಲೆಮ್‌ಫೋರ್ಡರ್ ಆರ್ಮ್ ತೆಗೆದು ನೋಡಿದರೆ ಕೆಲವು ಸಲ ಕಾರು ಕಂಪನಿ ಗುರುತನ್ನ ಗ್ರೈಂಡರ್‌ನಿಂದ ಉಜ್ಜಿರೋ ಕಲೆ ಕಾಣುತ್ತೆ. ಮಾಲು ಅದೇ, ಪೆಟ್ಟಿಗೆ ಬೇರೆ.

ಸರ್ವೀಸ್ ಸಾಮಾನಿಗೆ ಬೆಂಗಳೂರು ಜೆ.ಸಿ. ರೋಡ್, ಅಲ್ಲಿ ಇಲ್ಲದ್ದಕ್ಕೆ ದೆಹಲಿ ಕಾಶ್ಮೀರಿ ಗೇಟ್. ಬೆಂಗಳೂರಲ್ಲಿ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದರೆ ಬೆಳಗ್ಗೆ ಇಲ್ಲಿರುತ್ತೆ. ಹಳೇದು ತರೋದಾದರೆ ಬಾಗಿಲು, ಕನ್ನಡಿ, ಸೀಟು, ಸ್ವಿಚ್, ಹೆಡ್‌ಲೈಟ್ ಧೈರ್ಯವಾಗಿ ತನ್ನಿ. ಬೆಲ್ಟ್, ವಾಟರ್ ಪಂಪ್, ಸಸ್ಪೆನ್ಷನ್ ರಬ್ಬರ್, ಏರ್‌ಬ್ಯಾಗ್ ಹಳೇದು ಯಾವತ್ತೂ ಬೇಡ.

ಉತ್ತರ: ಪಿ.ಜೆ. ಬಡಾವಣೆ, ದಾವಣಗೆರೆ (ಪೋಲೊ)

ರೀಮ್ಯಾಪ್ ಈಗಲೇ ಬೇಡ ಸರ್. ಲಿಂಪ್ ಮೋಡ್‌ಗೆ ಹೋಗ್ತಿರೋ ಎಂಜಿನ್ ಮೇಲೆ ಇನ್ನೂ ಪ್ರೆಶರ್ ಹೇರಿದರೆ ಕ್ಲಚ್, ಟರ್ಬೊ ಎರಡೂ ಹೋಗ್ತವೆ. ನಿಮ್ಮದು ಇಎ189 ಎಂಜಿನ್. 2015ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಸುಮಾರು 3.23 ಲಕ್ಷ ಗಾಡಿಗಳನ್ನ ಸಾಫ್ಟ್‌ವೇರ್ ಬದಲಿಸೋಕೆ ವಾಪಸ್ ಕರೆದದ್ದು ಇದೇ ಎಂಜಿನ್‌ಗೆ. ನಿಮ್ಮ ಚಾಸಿ ನಂಬರ್‌ಗೆ ಅದು ಆಗಿದೆಯಾ ಅಂತ ಮೊದಲು ಕೇಳಿ ತಿಳ್ಕೊಳ್ಳಿ, ಮುಂದೆ ಯಾರೇ ಮ್ಯಾಪ್ ಮುಟ್ಟಿದರೂ ಒಳಗೆ ಯಾವ ಸಾಫ್ಟ್‌ವೇರ್ ಇದೆ ಅನ್ನೋದು ಗೊತ್ತಿರಬೇಕು.

ಎಲ್‌ಇಡಿ ಕೂಡ ಬೇಡ. ಹ್ಯಾಲೋಜೆನ್‌ಗೆ ಅಂತ ಮಾಡಿದ ರಿಫ್ಲೆಕ್ಟರ್‌ಗೆ ಅದನ್ನ ಹಾಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ, ಮೀಟರ್‌ನಲ್ಲಿ ಬಲ್ಬ್ ಹೋಗಿದೆ ಅಂತಲೂ ತೋರಿಸಬಹುದು. ಮಂಜಾದ ಹೆಡ್‌ಲೈಟ್ ಪಾಲಿಶ್ ಮಾಡಿಸಿ, ಒಳ್ಳೇ ಬಲ್ಬ್ ಹಾಕಿ, ಲೈಟಿನ ಎತ್ತರ ಸರಿ ಮಾಡಿಸಿ. ಉಳಿದ ದುಡ್ಡಲ್ಲಿ ಮುಂದಿನ ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್, ಟಾಪ್ ಮೌಂಟ್, ಒಳ್ಳೇ ಟೈರ್. ನನ್ನ ಪೋಲೊಗೆ ಇದಿಷ್ಟು ಮಾಡಿಸಿದ ಮೇಲೆ ಹೊಸ ಗಾಡಿ ಓಡಿಸಿದಂಗಾಯ್ತು, ಇದಕ್ಕಿಂತ ಒಳ್ಳೇ ಅಪ್‌ಗ್ರೇಡ್ ನನಗೆ ಕಂಡಿಲ್ಲ.

ಕೇಳಿದವರು: ವಿದ್ಯಾನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಕ್ಯಾನ್ ಆಯ್ತು. ಪಿ0299 ಬಂತು, ಬ್ರೇಕ್ ಸ್ವಿಚ್ ಕೋಡೂ ಇತ್ತು. ಸ್ವಿಚ್ ಬದಲಾಯ್ತು, ದೀಪ ಮಿನುಗೋದು ನಿಂತಿದೆ. ಇಂಟರ್‌ಕೂಲರ್ ಕೆಳಗಿನ ಹೋಸ್ ಕ್ಲಿಪ್ ಹತ್ರ ಹದಡಿ ರೋಡ್ ಅಣ್ಣ ಹೇಳಿದ ಹಾಗೇ ಜಿಡ್ಡು ಇದೆ, ಹೋಸ್ ಆರ್ಡರ್ ಹಾಕಿದೀನಿ. ಫ್ಯಾನ್ ಕಮ್ಮಿ ಸ್ಪೀಡ್‌ನಲ್ಲಿ ತಿರುಗ್ತಿಲ್ಲ. ಇನ್ನೊಂದು ಪ್ರಶ್ನೆ, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಅಂತ ಮಾವನಿಗೂ ನೆನಪಿಲ್ಲ, ಬಿಲ್ಲೂ ಇಲ್ಲ.

ಉತ್ತರ: ಹದಡಿ ರೋಡ್, ದಾವಣಗೆರೆ

ಬಿಲ್ ಇಲ್ಲ ಅಂದರೆ ಬದಲಾಗಿಲ್ಲ ಅಂತಲೇ ತಿಳ್ಕೊಳ್ಳಿ. ಫ್ಯಾನ್‌ಗಿಂತ, ಹೋಸ್‌ಗಿಂತ ಮುಂಚೆ ಇದು. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತೆ, ಹೆಡ್ ಬಿಚ್ಚಬೇಕಾಗುತ್ತೆ. ಬೆಲ್ಟ್ ಒಂದೇ ತರಿಸಬೇಡಿ. ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಎಲ್ಲ ಸೇರಿದ ಕಿಟ್ ಬರುತ್ತೆ, ಅದನ್ನೇ ಹಾಕಿ, ಕೂಲಂಟ್ ಕೂಡ ಅದರ ಜೊತೆಗೇ ಬದಲಾಗುತ್ತೆ. ಪೇಂಟ್‌ನಿಂದ ಮಾರ್ಕ್ ಹಾಕಿಕೊಂಡು ಮಾಡ್ತೀವಿ ಅನ್ನೋರ ಹತ್ರ ಕೊಡಬೇಡಿ, ಕ್ರ್ಯಾಂಕ್, ಕ್ಯಾಮ್, ಪಂಪ್ ಲಾಕ್ ಮಾಡೋಕೆ ಪಿನ್ ಸೆಟ್ ಇರಬೇಕು. ಇಲ್ಲಿನ ಗ್ಯಾರೇಜ್‌ನಲ್ಲಿ ಇಲ್ಲ ಅಂದರೆ ನನ್ನ ಹತ್ರ ಇದೆ, ಕಿಟ್ ಬಂದ ದಿನ ಹೇಳಿ, ತಂದು ಕೊಡ್ತೀನಿ.