ಕೈಕೆಲಸದ ಬುಟ್ಟಿ ಮಾರೋಕೆ ಸಂತೆನಾ, ಜಾತ್ರೆನಾ? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿಯಿಂದ:
ಬಿದಿರಿನ ಲ್ಯಾಂಪ್ ಶೇಡ್, ಸಣ್ಣ ಬುಟ್ಟಿ ಮಾಡುತ್ತೇನೆ. ಸುಮಾರು 60 ಪೀಸ್ ಮನೆಯಲ್ಲಿ ಕೂತಿವೆ. ವಾರದ ಸಂತೆಯಲ್ಲಿ ಕೂರಲಾ, ದೊಡ್ಡ ಜಾತ್ರೆಯಲ್ಲಿ ಮಳಿಗೆ ಹಿಡಿಯಲಾ? ಕೈಯಲ್ಲಿರೋದು 10,000 ರೂಪಾಯಿ.

ಸಾಗರದಿಂದ:
ಜಾತ್ರೆ ಅಂದರೆ ನನಗೆ ಈಗಲೂ ಸಂಕಟ ಆಗುತ್ತೆ. ನಮ್ಮೂರ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಅಲ್ಲಿವರೆಗೆ ಕಾಯೋದು ಬೇಡ ಅಂತ ಬೇರೆ ಊರಿನ ಜಾತ್ರೆಗೆ ಹೋದೆ, ಹೆಸರು ಬೇಡ. ಐದು ದಿನಕ್ಕೆ ಜಾಗದ ಬಾಡಿಗೆ 9,000. ಶಾಮಿಯಾನ 2,500. ಒಂದು ಬಲ್ಬಿಗೆ ದಿನಕ್ಕೆ 150ರಂತೆ 750. ಗಾಡಿ ಬಾಡಿಗೆ 3,200, ಊಟ ತಿಂಡಿ 1,800. ಒಟ್ಟು 17,250. ಮಾರಿದ್ದು ಅಕ್ಕಿ ಹಿಟ್ಟಿನ ಬಿಳಿ ಗೆರೆಯಲ್ಲಿ ಬರೆದ 31 ಚಿತ್ತಾರದ ಬುಟ್ಟಿ, 350ರಂತೆ 10,850. ಕೈಯಿಂದ ಹೋದದ್ದು 6,400. ನನ್ನ ಎರಡು ತಿಂಗಳ ಕೆಲಸಕ್ಕೆ ಲೆಕ್ಕವೇ ಇಲ್ಲ. ಮೂರನೇ ದಿನ ಸಂಜೆ ಮಳೆ ಬಂತು. ಒಬ್ಬರು ಬುಟ್ಟಿ ಎತ್ತಿಕೊಂಡು, ಒದ್ದೆ ಹೆಬ್ಬೆರಳಲ್ಲಿ ಚಿತ್ತಾರವನ್ನು ಉಜ್ಜಿ ನೋಡಿದರು. ಬಿಳಿ ಗೆರೆ ಹರಡಿ ಹೋಯಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಬಣ್ಣ ಬಿಡುತ್ತಲ್ಲಾ" ಅಂತ ಇಟ್ಟು ಹೋದರು.

ರಿಪ್ಪನ್‌ಪೇಟೆ ಕಡೆಯಿಂದ:
ಅಕ್ಕಾ, ನಿಮ್ಮದು ಶೋಕಿಯ ವಸ್ತು. ನಾವು ಮೊರ, ಬುಟ್ಟಿ ಹೆಣೆದೇ ಮನೆ ನಡೆಸುವವರು. 22 ವರ್ಷ ಆಯ್ತು, ಒಂದು ಸಂತೆ ತಪ್ಪಿಸಿಲ್ಲ. ಅಡಿಕೆ ಕೊಯ್ಲಿನ ಸಮಯದಲ್ಲಿ ಬುಟ್ಟಿಗೆ ಜನ ಹುಡುಕಿಕೊಂಡು ಬರುತ್ತಾರೆ. ನಮ್ಮ ಕಷ್ಟ ಬಿದಿರಿನದ್ದು. ಹತ್ತಿರದ ಬಿದಿರು ಮೆಳೆಗಳೆಲ್ಲ ಹೂ ಬಿಟ್ಟು ಒಣಗಿದವು. ಮೊದಲು 40 ಕೊಡುತ್ತಿದ್ದ ಗಳಕ್ಕೆ ಈಗ 150, ಅದನ್ನೂ ದೂರದಿಂದ ತರಬೇಕು. ಹೋದ ವರ್ಷ ಅವಸರಕ್ಕೆ ಎಳೆಯದನ್ನು ಕಡಿಸಿ ತಂದೆ. 70 ಮೊರಕ್ಕೆ ಕುಟ್ಟೆ ಹುಳ ಹಿಡಿಯಿತು, ಮುಟ್ಟಿದರೆ ಹಿಟ್ಟು ಉದುರುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗಿಸದಿದ್ದರೆ ಉಳಿದದ್ದಕ್ಕೂ ಬೂಷ್ಟು. ಅಕ್ಕಿ ಹಿಟ್ಟಿನ ಗೆರೆ ಮಳೆಗೆ ನಿಲ್ಲುತ್ತಾ ಹೇಳಿ? ಪೇಂಟ್ ಹೊಡೆಯಬೇಕಿತ್ತು.

ಸಾಗರದಿಂದ:
ಶೋಕಿ ಅನ್ನಬೇಡಿ ಅಣ್ಣಾ. ಗದ್ದೆಗೆ ಪೂಜೆ ಮಾಡೋ ಭೂಮಿ ಹುಣ್ಣಿಮೆ ಹಬ್ಬಕ್ಕೆ ಅಮ್ಮ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಹಚ್ಚಿ, ಪುಂಡಿ ನಾರಿನಲ್ಲಿ ಬರೆಯುತ್ತಿದ್ದದ್ದನ್ನು ನೋಡಿ ಕಲಿತವಳು ನಾನು. ಪೇಂಟ್ ಹೊಡೆದರೆ ಅದು ಆ ಹಬ್ಬದ ಭೂಮಣ್ಣಿ ಬುಟ್ಟಿನೇ ಅಲ್ಲ.

ಶಿವಮೊಗ್ಗದಿಂದ:
ನಾನು ಚಿತ್ತಾರವನ್ನು ಅಕ್ರಿಲಿಕ್ ಪೇಂಟ್‌ನಲ್ಲೇ ಬರೆಯುತ್ತೇನೆ, ಅದಕ್ಕೆ ನಾಚಿಕೆ ಯಾಕೆ? ಒಂದು ಅಂಗಡಿಗೆ 40 ಗೋಡೆ ಚಿತ್ರ ಕೊಟ್ಟೆ, ಮಾರಿದ ಮೇಲೆ ದುಡ್ಡು ಅಂದರು. ಏಳು ತಿಂಗಳು ಓಡಾಡಿಸಿದರು. 12 ಚಿತ್ರ ವಾಪಸ್ ಬಂದವು, ನಾಲ್ಕಕ್ಕೆ ಗಾಜು ಒಡೆದಿತ್ತು. ಈಗ ಮುಂಗಡ ಕೊಟ್ಟರೆ ಮಾತ್ರ ಕುಂಚ ಹಿಡಿಯುತ್ತೇನೆ. ಮಗಳ ಕಾಲೇಜು ಫೀಸ್ ಕಟ್ಟಿದ್ದು ಈ ಬಣ್ಣದಿಂದಲೇ.

ಸಾಗರದಿಂದ:
ಅಕ್ರಿಲಿಕ್ ಅಂತ ಹೇಳಿ ಮಾರಿ, ನನ್ನ ತಕರಾರಿಲ್ಲ. ಪಕ್ಕದ ಮಳಿಗೆಯವರು ಅದನ್ನೇ ಅಸಲಿ ಅಂತ 200ಕ್ಕೆ ಕೊಟ್ಟರು. ನನ್ನ 350 ಜಾಸ್ತಿ ಅನ್ನಿಸಿದ್ದು ಅದಕ್ಕೇ.

ಶಿವಮೊಗ್ಗದಿಂದ:
ನಾನು ಬೋರ್ಡಲ್ಲಿ ಬರೆದೇ ಮಾರೋದು. ಯಾರದೋ ಸಿಟ್ಟು ನನ್ನ ಮೇಲೆ ಹಾಕಬೇಡಿ.

ಸೊರಬದಿಂದ:
ಜಗಳ ಬಿಡ್ರೀ. ಚಿತ್ತಾರಕ್ಕೆ ಹಳದಿ ಬಣ್ಣ ಮಾಡೋ ಗುರಿಗೆ ಕಾಯಿ ಯಾರ ಹತ್ತಿರ ಇದೆ? ನಮ್ಮ ಕಡೆ ಮರಾನೇ ಸಿಗುತ್ತಿಲ್ಲ.

ರಿಪ್ಪನ್‌ಪೇಟೆ ಕಡೆಯಿಂದ:
ತಂಗಿ ಕೇಳಿದ್ದು ಬೇರೆ. ತೀರ್ಥಹಳ್ಳಿಯಮ್ಮಾ, 10,000ಕ್ಕೆ ಜಾತ್ರೆ ಬೇಡ. ಸಂತೆಗೆ 15 ಪೀಸ್ ತಂದು ಕೂತು ನೋಡು. ಲ್ಯಾಂಪ್ ಶೇಡ್ ಅಲ್ಲಿ ಹೋಗಲ್ಲ, ಬುಟ್ಟಿ ಮಾತ್ರ ತಾ. ಬಿದಿರು ಬಲಿತದ್ದಾ ನೋಡಿಕೊಂಡೆಯಾ?

ಸಾಗರದಿಂದ:
ಸೊರಬದವರಿಗೆ: ನಮ್ಮ ಹಿತ್ತಲಿನ ಮರದ್ದು ಈ ವರ್ಷ ಮುಗಿಯಿತು. ಒಣಗಿಸಿಟ್ಟದ್ದು ಒಂದು ಸೇರು ಇದೆ, ಅರ್ಧ ಕೊಡುತ್ತೇನೆ. ದುಡ್ಡು ಬೇಡ.